ಫೈಲು ಕೋಣೆಯಿಂದ ಬಂದ ಹೂಂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಕಿವಿಯಿಲ್ಲ. ಗಾದೆ ಹೀಗಲ್ಲ ಎಂದು ನನಗೂ ಗೊತ್ತು. ಆದರೆ ಹನ್ನೊಂದು ವರ್ಷ ಒಂದು ಆಪ್ತಸಮಾಲೋಚನಾ ಕೇಂದ್ರದ ಮುಂಬಾಗಿಲಲ್ಲಿ ಕುಳಿತು, ಬಂದವರ ಹೆಸರು ಬರೆದುಕೊಂಡು, ಅವರನ್ನು ಕರೆತಂದವರ ಉಪದೇಶಗಳನ್ನೆಲ್ಲ ಕೇಳಿಸಿಕೊಂಡ ಮೇಲೆ ಗಾದೆಯನ್ನು ನಾನೇ ರಿಪೇರಿ ಮಾಡಿದ್ದೇನೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಗಾದೆಯೇ ಸುಳ್ಳಾದರೂ ಇನ್ನು ಮುಂದೆ ಹೇಳುವುದು ಸುಳ್ಳಲ್ಲ. ಇದರಲ್ಲಿ ಒಳಕೋಣೆಯ ಮಾತೂ ಬರುತ್ತದೆ. ಅದು ನಿನಗೆ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡಿ. ಆ ಮಾತಿನ ಒಡೆಯರೇ ಆಮೇಲೆ ಕುಳಿತು ಎಲ್ಲವನ್ನೂ ಹೇಳಿದರು. "ಬರಿಯಮ್ಮ, ನಿನ್ನ ಮಂಗಾಟಾನೂ ಬಿಡ್ಬೇಡ" ಎಂದು ಅಪ್ಪಣೆಯನ್ನೂ ಕೊಟ್ಟರು.

ನಮ್ಮ ಕೇಂದ್ರ ಇರುವುದು ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ದೂರದ್ದು ಕಾಣದವರು ಬರುತ್ತಾರೆ, ಮೇಲೆ ಹತ್ತಿರದ್ದು ಕಾಣದವರು. ಒಟ್ಟು ಮೂರು ಕೋಣೆ. ಮುಂದಿನದರಲ್ಲಿ ನನ್ನ ಮೇಜು, ಆರು ಕುರ್ಚಿ, ಯಾರೂ ಓದದ ಪತ್ರಿಕೆಗಳು. ಒಳಗಿನದರಲ್ಲಿ ಎದುರುಬದುರು ಎರಡು ಕುರ್ಚಿ. ಅದರ ಪಕ್ಕದ್ದು ಫೈಲು ಕೋಣೆ, ಕಬ್ಬಿಣದ ಕಪಾಟುಗಳ ನಡುವೆ ಒಬ್ಬರು ಅಡ್ಡಡ್ಡ ನಿಲ್ಲಬಹುದು. ಫೈಲು ಕೋಣೆಗೂ ಒಳಕೋಣೆಗೂ ನಡುವಿನ ಗೋಡೆಯಲ್ಲಿ ಕಡತ ದಾಟಿಸಲು ಒಂದು ಸಣ್ಣ ಕಿಂಡಿ, ಅದಕ್ಕೊಂದು ಪರದೆ.

ನಮ್ಮ ಮೇಡಂಗೆ ಐವತ್ತು ದಾಟಿದೆ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಇಡೀ ಕೇಂದ್ರದಲ್ಲಿ ಅದನ್ನೇ ಹುಡುಕುತ್ತಾರೆ. ಆದರೆ ಕುರ್ಚಿಯಲ್ಲಿ ಕುಳಿತರೆ, ಎದುರಿಗಿರುವವರು ಹೇಳಿದ ಒಂದು ಮಾತನ್ನೂ ಕಳೆದುಕೊಳ್ಳುವುದಿಲ್ಲ. ಅವರ ಬಾಯಲ್ಲಿ ಹೆಚ್ಚಾಗಿ ಬರುವುದು ಒಂದೇ ಅಕ್ಷರ, "ಹೂಂ". ಮುಂದೆ ಹೇಳಿ ಎನ್ನುವ ಹೂಂ, ಅಯ್ಯೋ ಎನ್ನುವ ಹೂಂ, ನನಗಿನ್ನೂ ಪೂರ್ತಿ ನಂಬಿಕೆಯಾಗಿಲ್ಲ ಆದರೂ ಹೇಳಿ ಎನ್ನುವ ಹೂಂ. ನಾನು ಏಳು ಬಗೆ ಎಣಿಸಿದ್ದೆ, ಏಳನ್ನೂ ಹಾಗೇ ಅನ್ನುತ್ತಿದ್ದೆ. ಕೆಳಗಿನ ಕನ್ನಡಕದವರು ನನಗೆ "ಗಿಳಿ" ಎಂದು ಹೆಸರಿಟ್ಟದ್ದು ಅದಕ್ಕೇ.

ಮೇಡಂ ಒಬ್ಬೊಬ್ಬರ ಹತ್ತಿರ ಒಂದೊಂದು ಥರ. ಕೈಯಲ್ಲಿ ಕೆಲಸವಿಲ್ಲದಿದ್ದರೆ ಬಾಯಿ ಬಿಡದ ಒಬ್ಬ ದರ್ಜಿಗೆ ತಮ್ಮ ಹರಿದ ಕೈಚೀಲ ಕೊಟ್ಟರು. ಆತ ನಾಲ್ಕು ವಾರ ಅದನ್ನು ಹೊಲಿದ, ಬಿಚ್ಚಿದ, ಮತ್ತೆ ಹೊಲಿದ, ಅಷ್ಟರಲ್ಲಿ ತನ್ನ ಅಣ್ಣನ ಸಾವಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ. ಎಲ್ಲಕ್ಕೂ ಪಟ್ಟಿ ಬೇಕೆನ್ನುವ ಒಬ್ಬ ಬ್ಯಾಂಕಿನವಳಿಗೆ ಗೋಡೆಯ ಮೇಲೆ ಹಲಗೆ ತಂದು ಹಾಕಿಸಿದರು. "ಇದೇನು ಮೇಡಂ, ನಿಮ್ಮದು ಒಂದು ಪದ್ಧತಿ ಅಂತ ಬೇಡ್ವಾ?" ಎಂದು ಒಮ್ಮೆ ಕೇಳಿದ್ದೆ. "ಎಲ್ಲರ ಮೂಗಿಗೂ ಒಂದೇ ನಂಬರಿನ ಕನ್ನಡಕ ಏರ್ಸಿದ್ರೆ ಕೆಳಗಿನವರು ಅಂಗಡಿ ಮುಚ್ಬೇಕಾಗುತ್ತೆ ಕಣೇ," ಎಂದಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿದೆ. ಪ್ರತಿ ಭೇಟಿಯ ಕೊನೆಯ ಐದು ನಿಮಿಷ ಪರೀಕ್ಷೆ ಅವರದ್ದೇ. "ಇವತ್ತು ನಾನು ಎಲ್ಲಿ ತಪ್ಪಿದೆ?" ಎಂದು ಬಂದವರನ್ನೇ ಕೇಳುತ್ತಾರೆ. ಬಂದವರು ಸಂಕೋಚಕ್ಕೆ, "ಎಲ್ಲಾ ಚೆನ್ನಾಗಿತ್ತು ಮೇಡಂ" ಎನ್ನುತ್ತಾರೆ. "ಅದು ಸರಿ, ಮನೆಗೆ ಹೋಗ್ತಾ ದಾರೀಲಿ ನನ್ನ ಏನಂತ ಬೈಕೋತೀರಿ? ಅದನ್ನ ಇಲ್ಲೇ ಹೇಳ್ಬಿಡಿ" ಎಂದು ಮೇಡಂ ಕಾಗದ ಪೆನ್ನು ಮುಂದೆ ತಳ್ಳುತ್ತಾರೆ. ಬಾಯಲ್ಲಿ ಬೈಯಲಾಗದವರು ಬರೆದು ಬೈಯಬಹುದು.

ಇಂಥ ಜಾಗಕ್ಕೆ ಒಂದು ಸೋಮವಾರ ಬಸ್ ನಿಲ್ದಾಣದ ಅನೌನ್ಸರ್ ಬಂದರು. ಜೊತೆಗೆ ಅವರ ಹೆಂಡತಿ, ಹೈಸ್ಕೂಲಿನ ಗಣಿತದ ಟೀಚರ್.

"ಹೆಸರು?" ಎಂದೆ.

ಅವರು ಬಾಯಿ ತೆರೆದರು. ಟೀಚರ್ ಹೇಳಿದರು.

"ವಯಸ್ಸು?"

ಅವರು ಬಾಯಿ ತೆರೆದರು. ಟೀಚರ್ ಹೇಳಿದರು.

"ಏನು ತೊಂದರೆ?"

"ಇವ್ರು ಮಾತಾಡಲ್ಲ," ಎಂದರು ಟೀಚರ್.

ಅವಕಾಶ ಎಲ್ಲಿದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು, ನಾನು ಸಂಬಳಕ್ಕೆ ಕುಳಿತವಳೆಂದು ನೆನಪಾಗಿ ವಾಪಸು ಹೋಯಿತು.

ತೊಂದರೆ ನಿಜಕ್ಕೂ ದೊಡ್ಡದಿತ್ತು. ಇಪ್ಪತ್ತೆರಡು ವರ್ಷ ಊರಿನ ಬಸ್ಸುಗಳೆಲ್ಲ ಅವರ ದನಿ ಕೇಳಿಯೇ ಹೊರಟಿದ್ದವು. ನಾನು ಕಾಲೇಜಿಗೆ ಹೋಗುವಾಗ ಅನುಕರಿಸಿದ ಮೊದಲ ದನಿಯೂ ಅದೇ: "ಪ್ರಯಾಣಿಕರ ಗಮನಕ್ಕೆ" ಎಂದು ಕೊನೆಯಲ್ಲಿ ಕೊಂಚ ಮೇಲೇಳುವ ತುಂಬು ದನಿ. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ, ಎರಡನೇ ಪ್ಲಾಟ್‌ಫಾರ್ಮಿನಿಂದ ಹೊರಡಬೇಕಿದ್ದ ಬಸ್ಸನ್ನು ಆರಕ್ಕೆ ಬದಲಾಯಿಸಿ ಕೆಳಗಿನಿಂದ ಚೀಟಿ ಕಳಿಸಿದ್ದರು. ಚೀಟಿ ಮೇಜಿನ ಮೇಲೇ ಇತ್ತು. ಅವರು ನೋಡಲಿಲ್ಲ. ದಿನಾ ಹೇಳುವ ಹಾಗೆ ಬಾಯಿಪಾಠದಿಂದ "ಎರಡು" ಎಂದುಬಿಟ್ಟರು. ತಪ್ಪು ಗೊತ್ತಾಗಿ ತಿದ್ದುವಷ್ಟರಲ್ಲಿ ಇನ್ನೂರು ಜನ ಅತ್ತ ಓಡಿ, ಇತ್ತ ತಿರುಗಿ, ನೂಕುನುಗ್ಗಲಲ್ಲಿ ಒಬ್ಬ ಅಜ್ಜಿ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಳು. ಮರುದಿನದಿಂದ ಮೈಕಿನ ಮುಂದೆ ಅವರ ಗಂಟಲು ಬಂದ್. ಮನೆಯಲ್ಲೂ ಪಿಸುಮಾತು ಅಷ್ಟೇ. ಗಂಟಲಿನ ಡಾಕ್ಟರು ಎಲ್ಲ ನೋಡಿ, ದನಿಯ ತಂತಿಗಳೆಲ್ಲ ಸರಿಯಿವೆ ಎಂದಿದ್ದರು.

"ಮುಂದಿನ ತಿಂಗಳ ಕೊನೇ ಶುಕ್ರವಾರ ಮೈಕಿನ ಮುಂದೆ ಕೂತು ಒಂದು ಗಂಟೆ ಹೇಳ್ಬೇಕಂತೆ," ಎಂದರು ಟೀಚರ್. "ಆಗ್ಲಿಲ್ಲ ಅಂದ್ರೆ ಮ್ಯಾನೇಜರು ರೆಕಾರ್ಡ್ ಮಾಡಿದ ದನಿ ಹಾಕಿಸ್ತಾರೆ. ಇವ್ರನ್ನ ಗೋದಾಮಿಗೆ ಹಾಕ್ತಾರೆ, ಜನ ಬಸ್ಸಲ್ಲಿ ಬಿಟ್ಟುಹೋದ ಕೊಡೆ ಎಣಿಸೋದಕ್ಕೆ. ಇವ್ರು ಕೊಡೆ ಎಣಿಸ್ತಾರೇನಮ್ಮಾ? ಇವ್ರು ಆ ಮೈಕು ಬಿಟ್ಟು ಬದುಕ್ತಾರೇನು?"

ಪಕ್ಕದಲ್ಲಿ ಅವರು ತಲೆ ತಗ್ಗಿಸಿ ತಮ್ಮ ಬೆರಳ ತುದಿಗಳನ್ನು ನೋಡುತ್ತಿದ್ದರು.

ಮೊದಲ ಭೇಟಿ ಕೆಟ್ಟಿತು. ಮೇಡಂ ಕಲಿತವರ ಹಾಗೆ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ಹೂಂಗುಟ್ಟಿದರು. ಉಸಿರನ್ನು ನಿಧಾನವಾಗಿ ಎಳೆದು ಬಿಡುವುದನ್ನು ಹೇಳಿಕೊಟ್ಟರು. ಅವರು ಎಳೆದರು, ಬಿಟ್ಟರು, ಕೆಂಪಗಾದರು, ಬೆವರಿದರು. ಮಾತು ಬರಲಿಲ್ಲ. ಕೊನೆಯ ಐದು ನಿಮಿಷಕ್ಕೆ ಕಾಗದ ಮುಂದೆ ಬಂದಾಗ ಅವರು ಬರೆದರು: "ಗಂಟಲಿನ ಡಾಕ್ಟರೂ ಇದನ್ನೇ ಮಾಡಿಸಿದರು. ನನಗೆ ಉಸಿರು ಸರಿಯಾಗಿದೆ."

"ಹೌದಲ್ಲ," ಎಂದರು ಮೇಡಂ. "ನಿಮ್ಮನ್ನ ಕೇಳದೆ ನಾನೇ ಶುರು ಹಚ್ಕೊಂಡೆ. ಬಿಟ್ಟೆ ಅದನ್ನ. ಇನ್ನೇನಾದ್ರೂ ಇದ್ಯಾ? ಬೈಗುಳ ಬಾಕಿ ಇಟ್ಕೋಬೇಡಿ."

ಅವರು ಮತ್ತೆ ಪೆನ್ನು ಹಿಡಿದು ಎರಡೇ ಪದ ಬರೆದರು: "ನೀವು ನೋಡುತ್ತೀರಿ."

ಬೇರೆ ಯಾರಾದರೂ ಆಗಿದ್ದರೆ ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದರು. ಮೇಡಂ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಮ್ಮ ಕ್ಯಾಬಿನ್ನಲ್ಲಿ ಮಾತಾಡುವಾಗ ಎದುರಿಗೆ ಯಾರಿರ್ತಾರೆ?" ಎಂದು ಕೇಳಿದರು.

"ಗೋಡೆ," ಎಂಬ ಪಿಸುಮಾತು ಬಂತು.

"ಇಪ್ಪತ್ತೆರಡು ವರ್ಷ?"

"ಇಪ್ಪತ್ತೆರಡು ವರ್ಷ."

"ನೋಡಿ ಸಾರ್," ಎಂದರು ಮೇಡಂ. "ಜನರ ಮುಖ ನೋಡಿ ಕೇಳು ಅಂತ ನನಗೆ ಪಾಠ ಮಾಡಿ ಕಳಿಸಿದ್ರು. ಬಂದವರಿಗೆಲ್ಲ ಅದೇ ಹಿತ ಅಂದ್ಕೊಂಡಿದ್ದೆ. ಊರಿಗೆಲ್ಲ ಮಾತಾಡಿದವರು ನೀವು, ಆದ್ರೆ ಯಾರ ಮುಖ ನೋಡಿಯೂ ಅಲ್ಲ. ಈ ಕಣ್ಣು ಎಲ್ಲಿಡ್ಲಿ ಹೇಳಿ."

ಎರಡನೇ ಭೇಟಿಗೆ ಮೇಡಂ ತಮ್ಮ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು. ಹತ್ತು ನಿಮಿಷ ಹೋಯಿತು. ಹಿಂದಿನಿಂದ ಪಿಸುಮಾತು ಬಂತು: "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಬೆನ್ನೂ ನೋಡುತ್ತೆ."

ಬಾಗಿಲು ತೆರೆದುಕೊಂಡು ಮೇಡಂ ಹೊರಗೆ ಬಂದರು. "ಗಿಳಿ, ಒಂದು ಸ್ಟೂಲ್ ಕೊಡು," ಎಂದರು.

"ಎಲ್ಲಿಗೆ ಮೇಡಂ?"

"ಫೈಲು ಕೋಣೆಗೆ. ಅವರು ಒಳಗೆ ಇರ್ಲಿ, ನಾನು ಹೊರಗೆ."

ಹನ್ನೊಂದು ವರ್ಷದಲ್ಲಿ ಸಮಾಲೋಚಕಿಯೇ ಕೋಣೆ ಬಿಟ್ಟು ಹೊರಗೆ ಹೋದ ಸಮಾಲೋಚನೆಯನ್ನು ನಾನು ಕಂಡಿರಲಿಲ್ಲ. ಎರಡು ಕಪಾಟಿನ ನಡುವೆ ಮೊಣಕಾಲು ಮಡಚಿಕೊಂಡು, ತಲೆಗೆ ಹಳೆಯ ಕಡತಗಳು ತಾಗುವಂತೆ ಅವರು ಆ ಸ್ಟೂಲಿನ ಮೇಲೆ ಕುಳಿತರು. ಕಿಂಡಿಯ ಪರದೆ ಎಳೆದರು. ಬಂದದ್ದು ಗೊತ್ತಾಗಲೆಂದು ಗೋಡೆಗೆ ಎರಡು ಸಲ ತಟ್ಟಿದರು. ಆಮೇಲೆ ಮುಕ್ಕಾಲು ಗಂಟೆ ಅಲ್ಲೇ. ಇಪ್ಪತ್ತು ನಿಮಿಷ ಆ ಕಡೆಯಿಂದ ಏನೂ ಬರಲಿಲ್ಲ. ಈ ಕಡೆಯಿಂದಲೂ ಹೂಂ ಹೋಗಲಿಲ್ಲ. ಬಾರದ ಮಾತಿಗೆ ಹೂಂಗುಟ್ಟಿ ಅವಸರ ಮಾಡುವವರಲ್ಲ ಅವರು. ಆಮೇಲೆ ಮುಂದಿನ ಕೋಣೆಗೆ ಒಂದು ಗುಜುಗುಜು ಕೇಳಿಸಿತು, ದೂರದಲ್ಲಿ ನೀರು ಕುದಿಯುವ ಹಾಗೆ. ನಡುನಡುವೆ ಒಂದು ಹೂಂ.

ಟೀಚರ್ ನನ್ನ ಮೇಜಿನ ಅಂಚು ಹಿಡಿದುಕೊಂಡರು. "ಇವ್ರು ಮಾತಾಡ್ತಿದಾರಾ?"

"ಹಾಗೆ ಕಾಣುತ್ತೆ ಅಕ್ಕಾ."

"ಏನಂತಿದಾರೆ? ಅಜ್ಜಿ ವಿಷಯಾನಾ? ಅದನ್ನ ನಾನು ಆವಾಗ್ಲೇ ಹೇಳಿದ್ನಲ್ಲ..."

"ನೀವು ಹೇಳಿದ್ರಿ. ಅವರು ಹೇಳಿರ್ಲಿಲ್ಲ."

ಟೀಚರ್ ನನ್ನನ್ನು ತಪ್ಪು ಉತ್ತರ ಬರೆದ ವಿದ್ಯಾರ್ಥಿನಿಯನ್ನು ನೋಡುವ ಹಾಗೆ ನೋಡಿದರು. ನಂತರ, ಲೆಕ್ಕ ಸರಿಯಿದೆ ಎಂದು ತಿಳಿದವರ ಹಾಗೆ ಮೇಜಿನ ಅಂಚು ಬಿಟ್ಟು ಕುರ್ಚಿಗೆ ಹೋಗಿ ಕುಳಿತರು.

ಅನೌನ್ಸರ್ ಅಂದು ಪರದೆಗೆ ಹೇಳಿದ್ದು ಇದು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಅವರು ಹಣ್ಣು ಹಿಡಿದು ನೋಡಲು ಹೋಗಿದ್ದರು. ಅಜ್ಜಿಗೆ ಇವರು ಯಾರೆಂದು ಗೊತ್ತಿಲ್ಲ. ಪಕ್ಕದ ಮಂಚದವಳಿಗೆ ಹೇಳುತ್ತಿದ್ದಳು: "ಆ ಮೈಕಿನವನ ಮಾತು ನಂಬಿ ಓಡಿದೆ ಕಣವ್ವಾ." ಬೈದಿದ್ದರೆ ಸಹಿಸಬಹುದಿತ್ತು. ನಂಬಿ ಎಂದಳಲ್ಲ, ಅದು ಗಂಟಲಲ್ಲಿ ನಿಂತುಬಿಟ್ಟಿತು. ಹಣ್ಣನ್ನು ನರ್ಸಿನ ಕೈಗೆ ಕೊಟ್ಟು ಬಂದಿದ್ದರು.

ಮೂರನೇ ಭೇಟಿಯಿಂದ ಅವರು ಪರದೆಯ ಮುಂದೆ ಕುಳಿತು ಬಸ್ಸುಗಳನ್ನು ಹೇಳತೊಡಗಿದರು. ಒಂದನೇ ಪ್ಲಾಟ್‌ಫಾರ್ಮಿನಿಂದ ಹನ್ನೆರಡರವರೆಗೆ, ಬೆಳಗಿನ ಸರದಿ. ಹೀಗೆ ಮಾಡಿ ಎಂದು ಮೇಡಂ ಹೇಳಿರಲಿಲ್ಲ. "ಇವತ್ತು ಏನು ಮಾಡೋಣ?" ಎಂದು ಕೇಳಿದ್ದರು, ಅಷ್ಟೇ. ಪಿಸುಮಾತಿಗೆ ಒಂದಿಷ್ಟು ದನಿ ಕೂಡಿತು, ಬಾಗಿಲ ಸಂದಿನಿಂದ "ಪ್ರಯಾಣಿಕರ" ಎಂಬಷ್ಟು ಹೊರಗೂ ಬಂತು. ಆದರೆ ಎರಡನೇ ಪ್ಲಾಟ್‌ಫಾರ್ಮಿಗೆ ಬಂದಾಗಲೆಲ್ಲ ನಿಲ್ಲುತ್ತಿತ್ತು.

ಈ ನಡುವೆ ಮುಂದಿನ ಕೋಣೆಯಲ್ಲಿ ನನ್ನದೊಂದು ಬೇರೆ ಪ್ರದರ್ಶನ ನಡೆದಿತ್ತು. ಕಾದು ಕಾದು ಬೇಸರವಾದ ಟೀಚರ್ ಒಂದು ದಿನ, "ನೀನು ಯಾರ ದನಿ ಬೇಕಾದ್ರೂ ಮಾಡ್ತೀಯಂತೆ?" ಎಂದರು. ಮೇಡಂ ಅವರ ಏಳೂ ಹೂಂ ಮಾಡಿ ತೋರಿಸಿದೆ. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಒಳಗಿರೋದು ಯಾರು ಹಾಗಾದ್ರೆ?" ಎಂದರು. ಹೊಗಳಿಕೆ ಕೆಟ್ಟದ್ದು. ಹೊಟ್ಟೆ ತುಂಬಿದ ಮೇಲೂ ಹಸಿವಾಗುತ್ತದೆ.

ನಾಲ್ಕನೇ ಭೇಟಿಗೆ, ಮೈಕಿನ ಪರೀಕ್ಷೆಗೆ ಹದಿನೈದು ದಿನವಿರುವಾಗ, ಅದು ಆಯಿತು. ಅವರು ಒಳಗೆ ಹೋಗಿ ಕುಳಿತಿದ್ದರು. ಕೆಳಗಿನಿಂದ ಕನ್ನಡಕದವರು, ಮೇಡಂ ಅವರ ಸ್ಕೂಟರ್ ತಮ್ಮ ಅಂಗಡಿಯ ಬಾಗಿಲಿಗೆ ಅಡ್ಡ ನಿಂತಿದೆ ಎಂದು ಕೂಗಿದರು. "ಎರಡೇ ನಿಮಿಷ. ನಾನು ಬರೋವರೆಗೆ ಶುರು ಮಾಡ್ಬೇಡಿ ಅಂತ ಅವರಿಗೆ ಹೇಳ್ಬಿಡು," ಎಂದು ಮೇಡಂ ಕೆಳಗೆ ಓಡಿದರು.

ನಾನು ಬಾಗಿಲು ತಟ್ಟಿ ಹೇಳಬೇಕಿತ್ತು. ಫೈಲು ಕೋಣೆಗೆ ಹೋಗಿ ಕಿಂಡಿಯಿಂದ ಹೇಳಿದರಾಯಿತು ಎಂದುಕೊಂಡೆ. ಒಳಗೆ ಕಾಲಿಟ್ಟಾಗ ಕಪಾಟಿಗೆ ನನ್ನ ಮೊಣಕೈ ಎರಡು ಸಲ ತಗುಲಿತು, ಟಕ್ ಟಕ್. ಪರದೆಯಾಚೆಯಿಂದ, "ಬಂದ್ರಾ ಮೇಡಂ? ಇವತ್ತು ಎರಡರಿಂದಲೇ ಶುರು ಮಾಡ್ತೀನಿ," ಎಂದರು.

ಇಲ್ಲ, ನಾನು ಗಿಳಿ ಎನ್ನಲು ಬಾಯಿ ತೆರೆದೆ. ಹೊರಬಂದದ್ದು "ಹೂಂ". ಮೊದಲನೇ ನಮೂನೆ, ಮುಂದೆ ಹೇಳಿ ಎನ್ನುವುದು. ಅಚ್ಚುಕಟ್ಟಾಗಿ ಬಂತು.

"ಪ್ರಯಾಣಿಕರ ಗಮನಕ್ಕೆ. ಎರಡನೇ ಪ್ಲಾಟ್‌ಫಾರ್ಮಿನಿಂದ..." ದನಿ ನಡುಗಿತು, ಆದರೆ ನಿಲ್ಲಲಿಲ್ಲ.

"ಹೂಂ," ಎಂದೆ. ಈ ಸಲ ಧೈರ್ಯ ಕೊಡುವ ನಮೂನೆ.

ಆಚೆ ಕಡೆ ಎಲ್ಲ ನಿಂತಿತು. ಆಮೇಲೆ ಮೊದಲ ದಿನದ್ದೇ ಆ ಪಿಸುಮಾತು: "ಯಾರದು?"

ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಿತು. ಮೇಡಂ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರು ಎದುರಿಗೇ ಇಳಿದುಹೋದರು. ಹಿಂದೆ ಟೀಚರ್, "ಏನಾಯ್ತೂ, ಏನಾಯ್ತೂ" ಎನ್ನುತ್ತ.

ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಮೇಡಂ ಎಲ್ಲ ಕೇಳಿದರು. ಅವರ ಕಿವಿಗಳು ಕೆಂಪಾಗಿದ್ದವು. "ಕೂತ್ಕೋ," ಎಂದರು. ಒಳಕೋಣೆಯ ಆ ಕುರ್ಚಿಯಲ್ಲಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕುಳಿತೆ.

"ನನ್ನ ಹೂಂ ಹಾಕ್ಕೊಂಡು ನಿಂತಿದ್ಯಲ್ಲ. ಅವರು ಹೇಗೆ ಹೇಳಿದ್ರು ಎರಡನೇ ಪ್ಲಾಟ್‌ಫಾರ್ಮು?"

ನಾನು ಯೋಚಿಸಿದೆ. ನೆನಪಾಗಲಿಲ್ಲ. "ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಮೇಡಂ. ಮುಂದಿನ ಹೂಂ ಯಾವುದು ಹಾಕ್ಲಿ ಅಂತ ನೋಡ್ತಿದ್ದೆ."

"ಮೊದಲ ಹತ್ತು ವರ್ಷ ನನಗೂ ಹಾಗೇ ಆಗ್ತಿತ್ತು," ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. "ಆದ್ರೆ ಒಂದು ಕೇಳು. ನಾಲ್ಕು ತಿಂಗಳಾದ ಮೇಲೆ ಆ ಮನುಷ್ಯ ಒಂದು ಗೋಡೆ ನಂಬಿದ್ರು. ಆ ಗೋಡೆ ಹಿಂದೆ ನೀನು ಕೇಳದೆ ಹೋಗಿ ನಿಂತೆ. ಇನ್ನೊಂದ್ಸಲ ಆದ್ರೆ ನಿನಗೆ ಇಲ್ಲಿ ಕೆಲಸ ಇಲ್ಲ."

"ಹೋಗಿ ಕಾಲು ಹಿಡೀತೀನಿ ಮೇಡಂ."

"ಬೇಡ. ನಿನ್ನ ಸಮಾಧಾನಕ್ಕೆ ಅವರ ಮನೆ ಬಾಗಿಲು ಬಡೀಬೇಡ."

ಅವರೇ ಒಂದು ಕಾಗದ ಬರೆದರು. ನನ್ನ ಕೈಯಲ್ಲೇ ಲಕೋಟೆಗೆ ಹಾಕಿಸಿದ್ದರಿಂದ ಓದಿದೆ. "ಇವತ್ತಿನ ನಿಮ್ಮ ಗಂಟೆಯಲ್ಲಿ ನಾನು ನನ್ನ ಜಾಗದಲ್ಲಿ ಇರಲಿಲ್ಲ. ಇನ್ನೊಬ್ಬಳು ಇದ್ದಳು, ನನ್ನ ದನಿಯಲ್ಲಿ. ಅವಳದು ತಮಾಷೆ, ಜವಾಬ್ದಾರಿ ನನ್ನದು. ಬರುವುದು ಬಿಡುವುದು ನಿಮ್ಮಿಷ್ಟ. ಬಂದರೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂದು ನೀವೇ ಹೇಳಿ." ಹುಡುಗಿ ಪಾಪ, ಕ್ಷಮಿಸಿ ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಐದು ದಿನ ಏನೂ ಇಲ್ಲ. ಆರನೇ ದಿನ ಫೋನಿನಲ್ಲಿ ಟೀಚರ್: "ಇವ್ರು ಏನೋ ಹೇಳ್ಬೇಕಂತೆ." ಅಷ್ಟು ಹೇಳಿ ಅವರು ಫೋನನ್ನು ಗಂಡನಿಗೆ ಕೊಟ್ಟರು. ಅದೇ ನನಗೆ ಆಶ್ಚರ್ಯ.

ನಾಳೆ ಬರ್ತೀನಿ ಎಂದರು ಅವರು. ಬಂದವರು ನಿಂತೇ ಹೇಳಿದರು, ಪಿಸುಮಾತಿನಲ್ಲೇ, ಆದರೆ ಡಿಪೋ ಮ್ಯಾನೇಜರಿನ ಗತ್ತಿನಲ್ಲಿ. "ಮೇಡಂ ಫೈಲು ಕೋಣೆಗೆ. ಇವಳೂ ಫೈಲು ಕೋಣೆಗೆ. ನಾನು ಒಂದೊಂದು ಬಸ್ ಹೇಳ್ತೀನಿ. ಒಬ್ಬರು ಹೂಂ ಅನ್ನಿ. ಯಾರು ಅಂತ ನನಗೆ ಹೇಳ್ಬೇಡಿ. ನಾನು ಹೇಳ್ತೀನಿ."

"ಅದರಿಂದ ನಿಮಗೆ ಏನಾಗುತ್ತೆ ಅನ್ಸುತ್ತೆ?" ಎಂದರು ಮೇಡಂ.

"ಗೊತ್ತಿಲ್ಲ. ಆದ್ರೆ ಅವತ್ತು ಇವಳು ಯಾರು ಅಂತ ಹುಡುಕ್ತಿರುವಾಗ ಒಂದು ಕ್ಷಣ ಗಂಟಲು ಮರೆತೇಹೋಗಿತ್ತು."

ಮೇಡಂ ಕನ್ನಡಕವನ್ನು ತಲೆಯಿಂದ ಇಳಿಸಿ ಅವರನ್ನು ನೋಡಿದರು. ನೋಡಬಾರದು ಎಂದು ನೆನಪಾಗಿ ಮತ್ತೆ ಏರಿಸಿದರು. "ನನಗೆ ಇದು ಹತ್ತು ಜನ್ಮಕ್ಕೂ ಹೊಳೀತಿರ್ಲಿಲ್ಲ ಸಾರ್. ಶುರು ಮಾಡಿ," ಎಂದರು.

ನಾವಿಬ್ಬರೂ ಕಪಾಟುಗಳ ನಡುವೆ ಭುಜಕ್ಕೆ ಭುಜ ಒತ್ತಿಕೊಂಡು ನಿಂತೆವು. ಒಂದನೇ ಪ್ಲಾಟ್‌ಫಾರ್ಮು. ಮೇಡಂ ನನಗೆ ಸನ್ನೆ ಮಾಡಿದರು. ನನ್ನ ಅತ್ಯುತ್ತಮ ಹೂಂ ಹಾಕಿದೆ. "ಗಿಳಿ!" ಎಂದು ತಕ್ಷಣ ಬಂತು. ಮೂರನೆಯದು, ಮೇಡಂ. "ಮೇಡಂ." ನಾಲ್ಕು, ಐದು, ಎರಡೂ ನಾನು. "ಗಿಳಿ. ಗಿಳಿ. ಮೋಸ ಮಾಡ್ಬೇಡ." ಗೆಲ್ಲಲೇಬೇಕೆಂದು ನಾನು ಮೂಗಿನಿಂದ, ಗಂಟಲಿನಿಂದ, ಹೊಟ್ಟೆಯಿಂದ ಹೂಂಗುಟ್ಟಿದೆ. ಒಂದನ್ನೂ ಬಿಡಲಿಲ್ಲ ಆ ಮನುಷ್ಯ. ಕೇಳುವುದಕ್ಕಾಗಿ ಹೇಳುತ್ತ ಹೋದರು, ಹೇಳುತ್ತ ಹೇಳುತ್ತ ದನಿ ಮೇಲೇರಿತು. ಹನ್ನೆರಡು ಮುಗಿದ ಮೇಲೆ, ನಡುವೆ ಎರಡನೆಯದೂ ದಾಟಿಹೋಗಿತ್ತೆಂದು ಮೂವರಿಗೂ ಹೊಳೆಯಿತು.

"ಹೇಗೆ ಸಾರ್?" ಎಂದು ನಾನೇ ಕಿಂಡಿಯಿಂದ ಕೇಳಿದೆ. ಅನುಮತಿ ಪಡೆದೇ. "ನಮ್ಮಮ್ಮನಿಗೂ ಗೊತ್ತಾಗಲ್ಲ ನನ್ನ ದನಿ."

"ದನಿ ಅದೇ ಕಣಮ್ಮಾ. ಆದ್ರೆ ನಾನು ಮುಗಿಸೋ ಮುಂಚೇನೇ ನಿನ್ನ ಹೂಂ ರೆಡಿ ಇರುತ್ತೆ. ಅವರದು ನನ್ನ ಕೊನೇ ಅಕ್ಷರ ನೋಡ್ಕೊಂಡು ಹೊರಡುತ್ತೆ. ನಿಂದು ಬಾಯಿಪಾಠ." ಆಮೇಲೆ ಬೇರೆ ದನಿಯಲ್ಲಿ ಹೇಳಿದರು, "ನಾನು ಅವತ್ತು ಮಾಡಿದ್ದೂ ಅದೇ. ಚೀಟಿ ಮುಂದೇನೇ ಇತ್ತು. ಇಪ್ಪತ್ತೆರಡು ವರ್ಷ ನೋಡಿದ್ದೆ, ಒಂದು ದಿನ ನೋಡ್ಲಿಲ್ಲ."

"ಹೂಂ," ಎಂದರು ಮೇಡಂ.

ಪಕ್ಕದಲ್ಲೇ ನಿಂತಿದ್ದೆ ನಾನು. ನನ್ನ ಏಳು ಬಗೆಗಳಲ್ಲಿ ಆ ಹೂಂ ಇರಲಿಲ್ಲ. ಆಚೆ ಕಡೆ ಅವರು ಅಳುವುದು ಕೇಳಿಸಿತು. ಮೇಡಂ ಕಣ್ಸನ್ನೆ ಮಾಡಿದರು, ನಾನು ಹೊರಗೆ ಬಂದೆ.

ಆ ಶುಕ್ರವಾರ ಬಂತು. "ಮೇಡಂ, ನೀವೂ ಬನ್ನಿ. ಆದ್ರೆ ಕಾಣಿಸ್ಕೋಬೇಡಿ," ಎಂದು ಅವರು ಕರೆದಿದ್ದರಿಂದ ಮೇಡಂ ನಿಲ್ದಾಣದ ಒಂದು ಕಂಬದ ಹಿಂದೆ ನಿಂತಿದ್ದರು. ಕಂಬ ಸಣ್ಣದು, ಎರಡೂ ಬದಿಗೆ ಮೇಡಂ ಕಾಣುತ್ತಿದ್ದರು. ಜೊತೆಗೆ ನಾನು. ಟೀಚರ್ ಎಲ್ಲೂ ಕಾಣಲಿಲ್ಲ. ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ಕೈಕಟ್ಟಿ ಅವರ ತಲೆಯ ಮೇಲೇ ನಿಂತಿದ್ದರಂತೆ. ಅವರು ಮೈಕಿಗೆ ಕೈ ಹಾಕದೆ ತಿರುಗಿ, "ಸಾರ್, ಒಂದು ಗಂಟೆ ಹೊರಗೆ ನಿಂತು ಕೇಳಿ. ಯಾರಾದ್ರೂ ನೋಡಿದ್ರೆ ನನಗೆ ಆಗಲ್ಲ," ಎಂದರಂತೆ. ಇಪ್ಪತ್ತೆರಡು ವರ್ಷದಲ್ಲಿ ಮೇಲಿನವರ ಹತ್ತಿರ ನನಗೆ ಇದು ಬೇಕು ಎಂದು ಅವರು ಕೇಳಿದ್ದು ಅದೇ ಮೊದಲು. ಮ್ಯಾನೇಜರ್ ಗೊಣಗುತ್ತ ಹೊರಗೆ ಬಂದು ಕೈಗಡಿಯಾರ ನೋಡಿದರು.

ಒಂದು ನಿಮಿಷ ಧ್ವನಿವರ್ಧಕದಲ್ಲಿ ಬರೀ ಗೊರಗೊರ. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ಕಾಗದ ಮಗುಚಿದ ಸದ್ದು ಕೇಳಿತು. ಚೀಟಿ ನೋಡುತ್ತಿದ್ದಾರೆ!

"ಪ್ರಯಾಣಿಕರ ಗಮನಕ್ಕೆ."

ಕೊನೆಯಲ್ಲಿ ಕೊಂಚ ಮೇಲೆದ್ದ ಅದೇ ದನಿ. ಜನ ಎಂದಿನ ಹಾಗೆ ಅತ್ತಿತ್ತ ನಡೆದರು, ಯಾರೂ ತಲೆಯೆತ್ತಲಿಲ್ಲ. ಒಂದು ಗಂಟೆ ಬಸ್ಸುಗಳು ತಮ್ಮ ತಮ್ಮ ಜಾಗದಿಂದ ಹೊರಟವು. ಮ್ಯಾನೇಜರ್ ಕಾಗದಕ್ಕೆ ಸಹಿ ಹಾಕಿ, "ಇವರಿರುವಾಗ ರೆಕಾರ್ಡ್ ಯಾಕಪ್ಪಾ" ಎಂದು, ಆ ಮಾತು ಮೊದಲಿನಿಂದಲೂ ತಮ್ಮದೇ ಎಂಬ ಹಾಗೆ ಹೇಳಿ ಕೋಣೆಗೆ ಹೋದರು.

ಸರದಿಯ ಕೊನೆಯ ಬಸ್. "ಎರಡನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ," ಎಂದು ದನಿ ಮುಗಿಯಿತು. ಮುಗಿದದ್ದೇ ತಡ, ಕೆಳಗಿನಿಂದ ಇಪ್ಪತ್ತು ಗಂಟಲು ಒಟ್ಟಿಗೆ ಕೂಗಿದವು: "ಕ್ಕೇಳಿಸ್ಲಿಲ್ಲಾ!"

ತಿರುಗಿ ನೋಡಿದರೆ, ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವವರು ಸಾಲಾಗಿ ನಿಂತಿದ್ದಾರೆ. ಮುಂದೆ ನಮ್ಮ ಟೀಚರ್, ತರಗತಿಗೆ ಪದ್ಯ ಹೇಳಿಸುವವರ ಹಾಗೆ ಕೈ ಎತ್ತಿ.

ತಮಾಷೆಯ ಬೆಲೆ ನನಗೆ ಗೊತ್ತಿತ್ತು. ಓಡಿಹೋಗಿ ತಡೆಯೋಣವೆಂದರೆ ಮೇಡಂ ನನ್ನ ಮಣಿಕಟ್ಟು ಹಿಡಿದರು. "ತಡಿ. ಮೂವತ್ತು ವರ್ಷ ಸಂಸಾರ ಮಾಡಿದವರು ಅವರು."

ಮೇಲೆ ಗೊರಗೊರ. ಮತ್ತೆ ದನಿ, ಮೊದಲಿಗಿಂತ ಗಟ್ಟಿಯಾಗಿ: "ಎರಡನೇ ಪ್ಲಾಟ್‌ಫಾರ್ಮಿನಿಂದ."

"ಕ್ಕೇಳಿಸ್ಲಿಲ್ಲಾ!"

"ಎರಡೂ!" ಕಂಬ ಅದುರಿತು. "ಎರಡು! ಒಂದರ ಆಚೆ, ಮೂರರ ಈಚೆ! ಇಷ್ಟಾದ್ರೂ ಕೇಳದವರು ಗಂಟಲಿನ ಡಾಕ್ಟರ ಹತ್ರ ಹೋಗ್ಬೇಡಿ, ನಾನು ಹೋಗಿಬಂದಿದ್ದೀನಿ, ಕಿವಿ ಡಾಕ್ಟರ ಹತ್ರ ಹೋಗಿ!"

ಕ್ಯಾಬಿನ್ನಿನ ಕಿಟಕಿಯ ಪರದೆ ಸರಿಯಿತು. ನಿಲ್ದಾಣ ಇಪ್ಪತ್ತೆರಡು ವರ್ಷ ಕಾಣದ ಮುಖ, ಯಾವ ಕಿವುಡರು ಇವರು ಎಂದು ಕೆಳಗೆ ಬಗ್ಗಿ ನೋಡಿತು. ಸಾಲಾಗಿ ನಿಂತ ಖಾಕಿ ಅಂಗಿಗಳು, ಮುಂದೆ ಕೈ ಎತ್ತಿ ನಿಂತ ಹೆಂಡತಿ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಸಾಲು ಹೋ ಎಂದು ನಗತೊಡಗಿತು. ಬಸ್ಸಿಗೆ ಕಾದಿದ್ದವರು ಯಾಕೆಂದು ಗೊತ್ತಿಲ್ಲದೆಯೂ ನಕ್ಕರು. ಮೇಡಂ ಕಂಬ ಬಿಟ್ಟು ಈಚೆ ಬಂದು ಹೊಟ್ಟೆ ಹಿಡಿದುಕೊಂಡರು. ಆದರೆ ಇವರೆಲ್ಲರ ನಗುವೂ ಒಂದು ತೂಕವಾದರೆ ಮೇಲಿನದೇ ಒಂದು ತೂಕ. ಆ ಮಹಾನುಭಾವರು ಮೈಕ್ ಬಂದ್ ಮಾಡಿರಲಿಲ್ಲ. ಹನ್ನೆರಡೂ ಪ್ಲಾಟ್‌ಫಾರ್ಮುಗಳಲ್ಲಿ, ಟಿಕೆಟ್ಟಿನ ಸಾಲಿನಲ್ಲಿ, ಹೊರಗಿನ ರಸ್ತೆಯ ತಿರುವಿನವರೆಗೂ, ಬಸ್ಸುಗಳ ಇಂಜಿನ್ನಿನ ಸದ್ದನ್ನೂ ಮುಳುಗಿಸಿ ಅವರು ನಗುತ್ತಲೇ ಇದ್ದರು.